ಒಂದೇ ಕಡೆ ಸವೆದ ಅಟ್ಟೆ

ಏಪ್ರಿಲ್ 6

ಇವಳೇ,

ಮೊದಲು ಸುದ್ದಿ, ಕ್ಷೇಮ ಸಮಾಚಾರ ಆಮೇಲೆ. ಗುಂಡ ನಡೆದ! ನಿನ್ನೆ ಬೆಳಿಗ್ಗೆ ಹತ್ತೂಕಾಲಿಗೆ, ಅಂಗಡಿಯ ಹೊಲಿಗೆ ಯಂತ್ರದಿಂದ ಬಾಗಿಲವರೆಗೆ, ಏಳು ಹೆಜ್ಜೆ. ಗಂಟೆ ಬರೆಯದಿದ್ದರೆ ನೀನು ಬಿಡುವವಳಲ್ಲ ಎಂದು ಗಡಿಯಾರ ನೋಡಿ ಗುರುತು ಹಾಕಿಟ್ಟೆ. ಎಂಟನೆಯ ಹೆಜ್ಜೆಗೆ ದೊಪ್ಪನೆ ಕೂತು, ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡ. ಜನವರಿಯಲ್ಲಿ ನೀನು ದ್ವೀಪದ ಆ ಹವಾಮಾನ ಕೇಂದ್ರಕ್ಕೆ ಹೊರಟಾಗ ಅಂಬೆಗಾಲಿಡುತ್ತಿದ್ದವನು ಇವನೇನಾ ಅನ್ನಿಸಿತು.

ಕಲಿಸಿದ್ದು ನಾನಲ್ಲ, ನಮ್ಮ ಮೇಷ್ಟ್ರು. ಹತ್ತು ವರ್ಷದ ನಿನ್ನ ಮಗಳಿಗೆ ಈಗ ಈ ಬೀದಿಯಲ್ಲೆಲ್ಲ ಅದೇ ಹೆಸರು. ಎಡಗಾಲಿಗೆ ತೊಡೆಯವರೆಗೆ ಪ್ಲಾಸ್ಟರು, ಕಂಕುಳಲ್ಲಿ ಕೋಲು. ಶಾಲೆಗೆ ಹೋಗಲಾರದೆ ಕೂತ ಏಳು ವಾರದಲ್ಲಿ ಮನೆಯನ್ನೇ ಶಾಲೆ ಮಾಡಿದ್ದಾಳೆ. ಇರುವುದು ಒಬ್ಬನೇ ವಿದ್ಯಾರ್ಥಿ. ಅವನು ಬಿದ್ದರೆ ಎತ್ತುವುದಿಲ್ಲ, ತಾನೂ ಪಕ್ಕದಲ್ಲಿ ಕೂತು "ಆಯ್ತಾ? ಈಗ ಇಬ್ರೂ ಏಳೋಣ" ಅನ್ನುತ್ತಾಳೆ. ಅವಳು ಏಳಲು ಪಡುವ ಪಾಡು ನೋಡಿಯೇ ಅವನಿಗೆ ಹುರುಪು. ಬಲಗಾಲು ಮೊದಲು ಬಂತು, ಎಡಗಾಲು ಆಮೇಲೆ ನಿಧಾನವಾಗಿ ಹಿಂಬಾಲಿಸಿತು. ಅವನ ಪಾದದ ಗೆರೆ ತೆಗೆದು ಇದರ ಜೊತೆ ಇಟ್ಟಿದ್ದೇನೆ. ಇದೇ ಅಳತೆಗೆ ಮೊದಲ ಶೂ ಹೊಲಿಯುತ್ತಿದ್ದೇನೆ.

ಇನ್ನೊಂದು ತಮಾಷೆ. ನಿನ್ನ ಕಾಗದ ಬಂದಾಗಲೆಲ್ಲ ಗಟ್ಟಿಯಾಗಿ ಓದುವುದು ಮೇಷ್ಟ್ರೇ, ನನ್ನ ಕೈಯಲ್ಲಿ ಯಾವಾಗಲೂ ಅಂಟು. ಲಕೋಟೆ ಕಂಡ ಕೂಡಲೆ "ಅಮ್ಮ ಬಂದ್ಲು!" ಎಂದು ಕೂಗುತ್ತಾಳೆ. ಪರಿಣಾಮ ಏನೆಂದರೆ ಗುಂಡ ಲಕೋಟೆಗೆ ಅಮ್ಮ ಅನ್ನುತ್ತಾನೆ, ಅದನ್ನು ತರುವ ದೊಡ್ಡ ಮೀಸೆಯ ಅಂಚೆಯವರಿಗೂ ಅಮ್ಮ ಅನ್ನುತ್ತಾನೆ. ಅವರು ಈಚೆಗೆ ಓಗೊಡುತ್ತಾರೆ ಕೂಡ.

ಮೇಷ್ಟ್ರ ಕಾಲು ಕೂಡಿಕೊಳ್ಳುತ್ತಿದೆ. ಚಿಂತೆ ಬೇಡ.

ನಿನ್ನವನು

ಏಪ್ರಿಲ್ 27

ರೀ,

ದೋಣಿ ಬರುವುದು ಮೂರು ವಾರಕ್ಕೊಮ್ಮೆ, ಹೋಗುವುದು ಎರಡು ಗಂಟೆಯಲ್ಲಿ. ಅಷ್ಟರೊಳಗೆ ಓದಿ, ಅತ್ತು, ಮುಖ ತೊಳೆದು, ಇದನ್ನು ಬರೆಯುತ್ತಿದ್ದೇನೆ.

ಪಾದದ ಗೆರೆಯನ್ನು ಒತ್ತಡಮಾಪಕದ ಪಕ್ಕ ಅಂಟಿಸಿದ್ದೇನೆ. ಹನ್ನೆರಡು ಸೆಂಟಿಮೀಟರು, ಕೂದಲೆಳೆಯಷ್ಟು ಹೆಚ್ಚು. ನಿಜ ಹೇಳಲಾ? ನನಗೆ ಹೊಟ್ಟೆಕಿಚ್ಚಾಯಿತು. ಅದೂ ಹೆತ್ತ ಮಗಳ ಮೇಲೆ, ಕಾಲು ಮುರಿದುಕೊಂಡು ಕೂತವಳ ಮೇಲೆ! ಆಮೇಲೆ ಹೆಮ್ಮೆಯಾಯಿತು. ಇದೇ ಮೇಷ್ಟ್ರು ನಡೆಯಲು ಕಲಿಯುವಾಗ ನಾವಿಬ್ಬರೂ ಎರಡೂ ಕಡೆ ಕೈಚಾಚಿ ತಿಂಗಳುಗಟ್ಟಲೆ ಕೂಗಿದ್ದೆವು. ಇವಳು ಪಕ್ಕದಲ್ಲಿ ಕೂತೇ ಮುಗಿಸಿದಳು.

ಅಂಚೆಯವರ ವಿಷಯ ಓದಿ ಇಲ್ಲಿನ ಅಡುಗೆಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆಮೇಲೆ ಮಳೆಮಾಪಕ ನೋಡುವ ನೆಪ ಮಾಡಿ ಹೊರಗೆ ಹೋದೆ. ಡಿಸೆಂಬರಿನಲ್ಲಿ ನಾನು ದೋಣಿಯಿಂದ ಇಳಿದರೆ ಅವನು ನನ್ನನ್ನು ನೋಡಿ ಅಂಚೆಯವರ ಹಿಂದೆ ಅಡಗಿಕೊಳ್ಳುತ್ತಾನೆ. ನನ್ನ ಭಯ ಅದೊಂದೇ.

ಮೇಷ್ಟ್ರ ಕಾಲಿನ ಬಗ್ಗೆ ನೀವು ಬರೆದದ್ದು ಎರಡು ಸಾಲು. ಮೆಟ್ಟಿಲಿನಿಂದ ಬಿದ್ದಳು ಎಂದು ಫೆಬ್ರವರಿಯಲ್ಲಿ ಬರೆದಿರಿ. ನಮ್ಮ ಮನೆಗೆ ಇರುವುದು ಮೂರೇ ಮೆಟ್ಟಿಲು ಅಲ್ಲವೇನ್ರೀ?

ನಿಮ್ಮವಳು

ಮೇ 18

ಇವಳೇ,

ಪ್ಲಾಸ್ಟರು ತೆಗೆದರು. ಮೇಷ್ಟ್ರು ಚೆನ್ನಾಗಿದ್ದಾಳೆ, ಶಾಲೆಗೂ ಹೋಗುತ್ತಿದ್ದಾಳೆ. ನಮ್ಮ ನಡುವಿನ ಮಗನಿಗೆ ಮುಂದಿನ ಎರಡು ಹಲ್ಲು ಬಿದ್ದು, ಬಸ್ಸಿಗೆ ಬಥ್ಥು ಅನ್ನುತ್ತಾನೆ. ಅವನಿಂದ ಕಲಿತು ಗುಂಡನೂ ಬಥ್ಥು ಅನ್ನುತ್ತಾನೆ, ಅದೂ ಅಣ್ಣನ ಹಾಗೇ ನಾಲಿಗೆ ಹೊರಗಿಟ್ಟು. ಆರು ವರ್ಷದವನೇ ಅವನ ಭಾಷಾ ಪಂಡಿತ.

ಒಂದು ಮಾತು. ಗಾಬರಿಯಾಗಬೇಡ. ಗುಂಡ ಎಡಗಾಲು ಎಳೆಯುತ್ತಾನೆ. ಮೊದಮೊದಲು ಎಲ್ಲ ಮಕ್ಕಳೂ ಹೀಗೇ ಎಂದುಕೊಂಡೆ. ಈಗ ಆರು ವಾರವಾಯಿತು, ಮನೆಯೆಲ್ಲ ಓಡಾಡುತ್ತಾನೆ, ಆದರೂ ಎಡಗಾಲು ಮಂಡಿ ಮಡಚದೆ ಹಿಂದಿನಿಂದ ಬರುತ್ತದೆ. ಎದುರಿನ ಮಹಡಿ ಮನೆಯ ಸೂಲಗಿತ್ತಿ ಅಜ್ಜಿ ಅವನನ್ನು ಮಲಗಿಸಿ, ಕಾಲು ಮಡಚಿ ತಿರುಗಿಸಿ ನೋಡಿ, "ಸೊಂಟದ ಕೀಲು ಒಂದ್ಸಲ ತೋರಿಸಪ್ಪ, ತಡ ಮಾಡ್ಬೇಡ" ಅಂದರು. ಮೂಳೆ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿದ್ದೇನೆ.

ನಿನ್ನವನು

ಜೂನ್ 8

ರೀ,

ಗಾಬರಿಯಾಗಬೇಡ ಅಂತ ಬರೆದ ಮೇಲೆ ಯಾವ ತಾಯಿ ಗಾಬರಿಯಾಗದೆ ಇದ್ದಾಳು?

ಹುಟ್ಟಿದಾಗ ನೋಡಿದ್ದರಲ್ಲ, ಎರಡೂ ಕಾಲು ಸಮ ಎಂದಿದ್ದರಲ್ಲ. ನಾನು ಎತ್ತಿಕೊಳ್ಳುತ್ತಿದ್ದ ರೀತಿ ತಪ್ಪಾಯಿತೇ? ಹತ್ತು ತಿಂಗಳಿಗೇ ಹಾಲು ಬಿಡಿಸಿ ಬಂದದ್ದು ತಪ್ಪಾಯಿತೇ? ರಾತ್ರಿಹಗಲು ಇದೇ ಯೋಚನೆ. ನಿನ್ನೆ ಗಾಳಿಯ ದಿಕ್ಕನ್ನು ತಪ್ಪಾಗಿ ಬರೆದೆ. ಈ ಕೆಲಸಕ್ಕೆ ಸೇರಿದ ನಾಲ್ಕು ವರ್ಷದಲ್ಲಿ ಮೊದಲ ಸಲ.

ಡಾಕ್ಟರು ಏನಂದರು, ಒಂದಕ್ಷರ ಬಿಡದೆ ಬರೆಯಿರಿ. ಒಳ್ಳೆಯದನ್ನು ಮಾತ್ರ ಆರಿಸಿ ಬರೆಯಬೇಡಿ. ಅದು ನಿಮ್ಮ ಹಳೆಯ ಚಾಳಿ.

ನಿಮ್ಮವಳು

ಜೂನ್ 29

ಇವಳೇ,

ಹೇಳಿದಂತೆಯೇ ಬರೆಯುತ್ತೇನೆ, ಆರಿಸದೆ.

ಡಾಕ್ಟರು ಎಕ್ಸ್‌ರೇ ತೆಗೆಸಿದರು. ಮೂಳೆಯಲ್ಲಿ ಏನೂ ಕಾಣಲಿಲ್ಲ. ಆದರೆ ನಡಿಗೆ ಕಂಡಿತು. "ಸೆಪ್ಟೆಂಬರ್‌ವರೆಗೆ ನೋಡೋಣ. ಹೀಗೇ ಇದ್ರೆ ಎರಡೂ ಕಾಲಿಗೆ ಪಟ್ಟಿ ಹಾಕಿ, ಮಧ್ಯೆ ಕಂಬಿ ಇಟ್ಟು, ಆರು ತಿಂಗಳು ಮಲಗಿಸ್ಬೇಕಾಗತ್ತೆ" ಅಂದರು. ನಡೆಯಲು ಕಲಿತ ಮಗುವನ್ನು ಆರು ತಿಂಗಳು ಮಲಗಿಸುವುದು! ದಾರಿಯುದ್ದಕ್ಕೂ ಅವನು ನನ್ನ ಹೆಗಲ ಮೇಲೆ ಕೂತು ಬಥ್ಥು ಬಥ್ಥು ಎಂದು ಕೂಗುತ್ತಿದ್ದ. ನನಗೆ ಒಂದೂ ಬಸ್ಸು ಕಾಣಲಿಲ್ಲ.

ಮನೆಗೆ ಬಂದು ಶೂ ಬಿಚ್ಚಿದೆ. ಏಪ್ರಿಲಿನಲ್ಲಿ ಹೊಲಿದದ್ದು, ಅಡಿಗೆ ಮೆತ್ತನೆಯ ಚರ್ಮದ ಅಟ್ಟೆ. ಬೋರಲು ಹಾಕಿ ನೋಡಿದರೆ ಬಲಗಾಲಿನದು ಹೊಸದರ ಹಾಗಿದೆ. ಎಡಗಾಲಿನದು ಹೆಬ್ಬೆರಳಿನ ಒಳಬದಿಯಲ್ಲಿ ಮಾತ್ರ ತೂತು ಬೀಳುವಷ್ಟು ಸವೆದಿದೆ. ಇಪ್ಪತ್ತೆರಡು ವರ್ಷದಿಂದ ಜನರ ಅಟ್ಟೆ ನೋಡಿಯೇ ಬದುಕಿದವನು ನಾನು. ಯಾರು ಆತುರಗಾರರು, ಯಾರು ಒಂದೇ ಭುಜದಲ್ಲಿ ಚೀಲ ಹೊರುತ್ತಾರೆ, ಎಲ್ಲವನ್ನೂ ಅಟ್ಟೆ ಹೇಳುತ್ತದೆ. ಈ ಸವೆತ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎದ್ದು ಹೋಗಿ ಬಾಗಿಲ ಬಳಿಯಿದ್ದ ಮೇಷ್ಟ್ರ ಶೂ ತಂದು ಪಕ್ಕದಲ್ಲಿಟ್ಟೆ.

ಅದೇ ಕಾಲು, ಅದೇ ಬೆರಳು, ಅದೇ ಒಳಬದಿ. ಒಂದು ದೊಡ್ಡದು, ಒಂದು ಚಿಕ್ಕದು, ಅಷ್ಟೇ ವ್ಯತ್ಯಾಸ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಮ್ಮ ಗುಂಡನಿಗೆ ಯಾವ ರೋಗವೂ ಇಲ್ಲ. ಅವನು ಕಣ್ಣಿಟ್ಟು ನೋಡಿ ಕಲಿತ ನಡಿಗೆ ಅದೊಂದೇ. ಅಕ್ಕ ಪ್ಲಾಸ್ಟರಿನ ಕಾಲು ಎಳೆಯುತ್ತಾ ನಡೆದಳು, ನಡೆಯುವುದೆಂದರೆ ಹೀಗೇ ಎಂದು ಅವನು ತಿಳಿದುಕೊಂಡ. ಬಥ್ಥು ಕಲಿತ ಹಾಗೆ ಇದನ್ನೂ ಅಚ್ಚುಕಟ್ಟಾಗಿ ಕಲಿತಿದ್ದಾನೆ. ಎಂಥ ವಿದ್ಯಾರ್ಥಿ ನೋಡು! ಆದರೆ ಡಾಕ್ಟರು ನಂಬುವುದು ಅವನ ನಡಿಗೆಯನ್ನು, ನನ್ನ ಅಟ್ಟೆಯನ್ನಲ್ಲ.

ಈಗ ಉಳಿದದ್ದು. ಪ್ಲಾಸ್ಟರು ತೆಗೆದು ಎಂಟು ವಾರವಾದರೂ ಅವಳ ಶೂ ಯಾಕೆ ಹಾಗೆ ಸವೆಯುತ್ತಿದೆ ಎಂದು ನೀನು ಕೇಳುತ್ತೀಯ. ಅವಳು ಈಗಲೂ ಕುಂಟುತ್ತಾಳೆ. ಮಂಡಿ ಬಿಗಿದುಕೊಂಡಿದೆ. ದಿನಾ ಮಾಡು ಎಂದು ವ್ಯಾಯಾಮ ಹೇಳಿಕೊಟ್ಟಿದ್ದಾರೆ, ನೋವಾಗುತ್ತದೆ ಎಂದು ಅವಳು ಒಂದು ದಿನವೂ ಮಾಡಿಲ್ಲ. ಒತ್ತಾಯಿಸಲು ನನಗೆ ಬಾಯಿಲ್ಲ. ಯಾಕೆಂದರೆ ಅವಳು ಬಿದ್ದದ್ದು ಮೆಟ್ಟಿಲಿನಿಂದಲ್ಲ. ಮೇಲಿನ ಹಲಗೆಯಿಂದ ಶೂ ಅಚ್ಚು ತೆಗೆದುಕೊಡು ಎಂದು ಏಣಿ ಹತ್ತಿಸಿದವನು ನಾನು. ಏಣಿ ಹಿಡಿದುಕೊಳ್ಳದೆ ಗಿರಾಕಿಯ ಹತ್ತಿರ ಮಾತಾಡುತ್ತಾ ನಿಂತವನೂ ನಾನೇ. ನಾಲ್ಕು ತಿಂಗಳಿಂದ ನಿನಗೆ ಬರೆದಿಲ್ಲ. ಮಗು ನಡೆದು ಬಂದು ಗುಟ್ಟು ರಟ್ಟು ಮಾಡಿತು.

ನಿನ್ನವನು

ಜುಲೈ 20

ರೀ,

ಇಲ್ಲಿ ನಾನು ಒಂದು ಅಂಕಿ ಮುಚ್ಚಿಟ್ಟರೆ ಸಮುದ್ರದಲ್ಲಿ ಯಾರದೋ ದೋಣಿ ಮುಳುಗುತ್ತದೆ. ನೀವು ನಾಲ್ಕು ತಿಂಗಳು ಒಂದು ಏಣಿಯನ್ನೇ ಮುಚ್ಚಿಟ್ಟಿರಿ. ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ ಎಂದು ನಾನು ನಂಬಿಕೊಂಡು ಕೂತೆ. ನನ್ನ ಮಗಳು ಅಲ್ಲಿ ಕುಂಟುತ್ತಿದ್ದಳು.

ಬೈಯಲು ಬಹಳ ಇದೆ, ದೋಣಿಯವರು ಕಾಯುತ್ತಿದ್ದಾರೆ. ಈಗ ಮುಖ್ಯವಾದದ್ದು ಗುಂಡ. ಸೆಪ್ಟೆಂಬರಿಗೆ ಅವನ ನಡಿಗೆ ಸರಿಯಾಗದಿದ್ದರೆ ಆರು ತಿಂಗಳು ಕಂಬಿಯಲ್ಲಿ ಮಲಗಬೇಕು. ಅದು ನನ್ನಿಂದ ನೋಡಲಾಗದು. ಅವಳ ಕುಂಟು ಅವನಿಗೆ ಅಂಟುವುದು ಬೇಡ. ಸರಿಯಾಗುವವರೆಗೆ ಅವನನ್ನು ಅವಳ ಹತ್ತಿರ ಬಿಡಬೇಡಿ.

ನಿಮ್ಮವಳು

ಜುಲೈ 21, ದೋಣಿ ಹೋದ ಮರುದಿನ

ರೀ,

ಇದು ಇನ್ನೊಂದು ದೋಣಿ ಬರುವವರೆಗೆ ನನ್ನ ಮೇಜಿನ ಮೇಲೇ ಬಿದ್ದಿರುತ್ತದೆ. ಆದರೂ ಇವತ್ತೇ ಬರೆಯದಿದ್ದರೆ ನಿದ್ದೆ ಬರದು.

ದೋಣಿ ದೂರ ಹೋದ ಮೇಲೆ ನೆನಪಾಯಿತು. ನನ್ನ ಕಾಗದ ಗಟ್ಟಿಯಾಗಿ ಓದುವವಳು ಅವಳು! ದಡದಲ್ಲಿ ನಿಂತು ಕೂಗಿದೆ, ಗಾಳಿ ನನ್ನ ಕಡೆಗೇ ಬೀಸುತ್ತಿತ್ತು.

ಈ ಕಾಗದವನ್ನೂ ಅವಳ ಕೈಯಲ್ಲೇ ಓದಿಸಿ, ಅಷ್ಟೇ ಗಟ್ಟಿಯಾಗಿ.

ಮಗಳೇ, ನಿನ್ನೆಯ ಕೊನೆಯ ಸಾಲು ಭಯದಲ್ಲಿ ಬರೆದದ್ದು. ಭಯದಲ್ಲಿ ಅಳೆದ ಅಂಕಿಯನ್ನು ನಾವಿಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಂಪು ಗೆರೆ ಎಳೆದು ಹೊಡೆದುಹಾಕುತ್ತೇವೆ. ನೀನೂ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆ. ನಾನಿಲ್ಲದ ಮನೆಯಲ್ಲಿ, ಮುರಿದ ಕಾಲಿನಲ್ಲಿ, ನೀನು ಒಂದು ಮಗುವಿಗೆ ನಿಲ್ಲುವುದನ್ನೂ ಬೀಳುವುದನ್ನೂ ಏಳುವುದನ್ನೂ ಕಲಿಸಿದೆ. ಅದನ್ನು ನಾನು ಮೊದಲು ಬರೆಯಬೇಕಿತ್ತು.

ಅಮ್ಮ

ಆಗಸ್ಟ್ 4

ಇವಳೇ,

ನಿನ್ನ ಬೈಗುಳ ಸಿಕ್ಕಿತು. ನನಗೆ ತಕ್ಕದ್ದೇ. ಆದರೆ ಅದನ್ನು ಓದಿದ್ದು ಮೇಷ್ಟ್ರು.

ನಾನು ಕೈಗೆಲ್ಲ ಅಂಟು ಮೆತ್ತಿಕೊಂಡು ಕೂತಿದ್ದೆ. ಎಂದಿನಂತೆ ಅವಳು "ಅಮ್ಮ ಬಂದ್ಲು!" ಎಂದು ಲಕೋಟೆ ಒಡೆದು, ಸ್ಟೂಲಿನ ಮೇಲೆ ಕೂತು ಶುರು ಮಾಡಿದಳು. ಏಣಿಯ ವಿಷಯ ಬಂದಾಗ ನನ್ನ ಕಡೆ ನೋಡಿ, "ಅಪ್ಪ, ಮೆಟ್ಟಿಲಲ್ಲ ಅಂತ ನೀನು ಇಷ್ಟು ದಿನ ಹೇಳಿಯೇ ಇರ್ಲಿಲ್ವಾ?" ಅಂದಳು. ಕೊನೆಯ ಸಾಲನ್ನು ತಡೆಯುವಷ್ಟರಲ್ಲಿ ಓದಿಬಿಟ್ಟಿದ್ದಳು. ಮಡಚಿ ಲಕೋಟೆಗೆ ಹಾಕಿ, ನನ್ನ ಮುಂದಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವತ್ತಿನಿಂದ ಹತ್ತು ದಿನ ಅವನ ಕಣ್ಣಿಗೆ ಬಿದ್ದಿಲ್ಲ. ಅವನು ಏಳುವ ಮುಂಚೆ ಶಾಲೆಗೆ ಹೋಗುತ್ತಾಳೆ, ಬಂದ ಮೇಲೆ ಕೋಣೆ ಸೇರುತ್ತಾಳೆ. ನಡುವಿನವನ ಕೈಲಿ ತಟ್ಟೆ ತರಿಸಿಕೊಂಡು ಅಲ್ಲೇ ಊಟ. ನಾನು ಹೊರಗೆ ನಿಂತು ಕರೆದರೆ, "ಅಮ್ಮ ಹೇಳಿದ್ದು ಸರಿಯಪ್ಪ. ಅವನು ನನ್ನ ನೋಡದಿದ್ರೆ ಮರೀತಾನೆ" ಅನ್ನುತ್ತಾಳೆ.

ಅವನು ಕುಂಟುವುದನ್ನು ಮರೆತಿಲ್ಲ. ನಡೆಯುವುದನ್ನೇ ಬಿಟ್ಟಿದ್ದಾನೆ. ಬೆಳಗಿನಿಂದ ಸಂಜೆಯವರೆಗೆ ಅವಳ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾನೆ. ಬಥ್ಥು ಇಲ್ಲ, ಚಪ್ಪಾಳೆ ಇಲ್ಲ. ಮೊನ್ನೆ ಅಂಚೆಯವರು ಬಂದು ತಾವೇ "ಅಮ್ಮ ಬಂದ್ಲು" ಅಂದರೂ ತಿರುಗಿ ನೋಡಲಿಲ್ಲ.

ನಾನು ಚರ್ಮ ಕತ್ತರಿಸುತ್ತೇನೆ, ಕತ್ತರಿಸಿದ್ದು ಯಾವ ಅಳತೆಗೆ ಎಂದು ಮರೆಯುತ್ತೇನೆ.

ನಿನ್ನವನು

ಸೆಪ್ಟೆಂಬರ್ 16

ಇವಳೇ,

ಉದ್ದ ಕಾಗದ. ಅಡುಗೆಯಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದು.

ನಿನ್ನ ಕೆಂಪು ಗೆರೆಯ ಕಾಗದ ಆಗಸ್ಟ್ ಮಧ್ಯಕ್ಕೆ ಬಂತು. ಆದರೆ ಅದು ಬರುವ ನಾಲ್ಕು ದಿನ ಮುಂಚೆಯೇ ಬಾಗಿಲು ತೆರೆದಿತ್ತು. ಒಂದು ಬೆಳಿಗ್ಗೆ ನಾನು ಅಂಗಡಿಗೆ ಬಂದರೆ, ಚರ್ಮಕ್ಕೆ ಗುರುತು ಹಾಕುವ ನನ್ನ ಸೀಮೆಸುಣ್ಣದಿಂದ ಈ ಗೋಡೆಯಿಂದ ಆ ಗೋಡೆಗೆ ನೆಲದ ಮೇಲೆ ನೆಟ್ಟಗೆ ಒಂದು ಗೆರೆ. ಅದರ ಮೇಲೆ ಮೇಷ್ಟ್ರು. ಹಲ್ಲು ಕಚ್ಚಿ ಮಂಡಿ ಮಡಚುತ್ತಾಳೆ, ಹಿಮ್ಮಡಿ ಊರುತ್ತಾಳೆ, ಬೆರಳು ಊರುತ್ತಾಳೆ, ಇನ್ನೊಂದು ಹೆಜ್ಜೆ. ಮುಖವೆಲ್ಲ ಬೆವರು. ಮೂರು ತಿಂಗಳು ಬೇಡವೆಂದ ವ್ಯಾಯಾಮ ಅದೇ.

"ನೋವಾಗಲ್ವೇನೇ?" ಅಂದೆ.

"ಆಗತ್ತೆ. ಆದ್ರೆ ಅವನು ನನ್ನ ನೋಡದಿದ್ರೆ ನಡೆಯೋದೇ ಇಲ್ಲ, ನೋಡಿದ್ರೆ ಕುಂಟ್ತಾನೆ. ಇನ್ನೇನ್ ಮಾಡ್ಲಿ? ನಾನೇ ನೆಟ್ಟಗೆ ನಡೀಬೇಕು."

ನನ್ನ ತಪ್ಪು ಒಪ್ಪಿಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅವಳು ತನ್ನದನ್ನು ಒಪ್ಪಿಕೊಂಡದ್ದು ಒಂದೇ ಉಸಿರಿನಲ್ಲಿ. ಹತ್ತು ವರ್ಷದವಳ ಮುಂದೆ ನನಗೆ ನನ್ನ ಬಗ್ಗೆ ನಾಚಿಕೆಯಾಯಿತು. ಅವಳ ಬಗ್ಗೆ ಆದ ಹೆಮ್ಮೆಯನ್ನು ಬರೆಯಲು ನನಗೆ ಬರುವುದಿಲ್ಲ. "ಏಣಿ ಹಿಡೀಲಿಲ್ಲ ಕಣೇ ನಾನು, ತಪ್ಪಾಯ್ತು" ಅಂದೆ. "ಗೊತ್ತಪ್ಪ, ನಾನೇ ಮೇಲಿದ್ನಲ್ಲ" ಅಂದಳು. "ಈಗ ಕೈ ಹಿಡಿ, ತಿರುಗುವಾಗ ವಾಲತ್ತೆ."

ಗುಂಡನನ್ನು ತಂದು ಗೆರೆಯ ತುದಿಯಲ್ಲಿ ಕೂರಿಸಿದೆವು. ಮೊದಲ ದಿನ ಬರೀ ನೋಡಿದ. ಎರಡನೆಯ ದಿನ ಎದ್ದು ನಿಂತ. ಮೂರನೆಯ ದಿನ ಅವಳ ಹಿಂದೆಯೇ, ಹಲ್ಲು ಕಚ್ಚಿ, ಹಣೆ ಗಂಟು ಹಾಕಿ, ಅವಳ ಹಾಗೇ ಮುಲುಗುತ್ತಾ ನಡೆದ. ನೋವಿಲ್ಲದವನು ಮುಲುಗುವುದನ್ನು ನೋಡಿ ಅಂಗಡಿಗೆ ಬಂದ ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಮುಲುಗುವುದನ್ನು ನಿಲ್ಲಿಸಿ, ನೋವಾದಾಗ ಎಣಿಸಲು ಶುರು ಮಾಡಿದಳು: ಒಂದು, ಎರಡು, ಮೂರು. ಈಗ ಗುಂಡನಿಗೆ ಐದರವರೆಗೆ ಬರುತ್ತದೆ, ನಾಲ್ಕನ್ನು ಹಾರಿಸುತ್ತಾನೆ. ನಡುವಿನವನಿಗೆ ಹೊಸ ಹಲ್ಲು ಬಂದಿದೆ. ಇವನದು ಮಾತ್ರ ಇನ್ನೂ ಬಥ್ಥೇ.

ನಿನ್ನ ಕಾಗದ ಬಂದಾಗ ಅವಳು ಗೆರೆಯ ಮೇಲೆ ನಿಂತೇ ಓದಿದಳು. ಮುಗಿಸಿ, ಹಳೆಯ ಕಾಗದ ತೆಗೆದು, ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಮತ್ತೆ ನಡೆಯಲು ಹೋದಳು. ಅತ್ತದ್ದು ನಾನು.

ನಿನ್ನೆ ಡಾಕ್ಟರು. ಉದ್ದನೆಯ ಹಜಾರದಲ್ಲಿ ಗುಂಡನನ್ನು ಒಬ್ಬನೇ ಬಿಡಿ ಅಂದರು. ಮೇಷ್ಟ್ರು ಉಗುರು ಕಚ್ಚುತ್ತಾ ನಿಂತಿದ್ದಳು. ಅವನು ಎರಡೂ ಕಾಲು ಸಮನಾಗಿ ಎತ್ತಿಡುತ್ತಾ ಆ ತುದಿಗೆ ಹೋಗಿ, ಮುಟ್ಟಿ, ಹಿಂದಕ್ಕೆ ಬಂದ. "ಪಟ್ಟಿ ಬೇಡ, ಕಂಬಿ ಬೇಡ. ಯಾರು ಇವನಿಗೆ ವ್ಯಾಯಾಮ ಮಾಡಿಸಿದ್ದು?" ಅಂದರು. ನಾನು ಬೆರಳು ತೋರಿಸಿದೆ. ಆ ದೊಡ್ಡ ಮನುಷ್ಯರು ಬಗ್ಗಿ ಅವಳ ಕೈ ಕುಲುಕಿದರು. ಆಮೇಲೆ ಅವಳನ್ನೂ ನಡೆಸಿ ನೋಡಿದರು. ಮಂಡಿ ಸಡಿಲಾಗಿದೆ. ಆದರೆ ಮೂಳೆ ಅರ್ಧ ಬೆರಳಗಲದಷ್ಟು ಗಿಡ್ಡವಾಗಿ ಕೂಡಿದೆ, ಒಂದಿಷ್ಟು ಕುಂಟು ಉಳಿಯುತ್ತದೆ ಅಂದರು. ಎಡ ಅಟ್ಟೆ ಅಷ್ಟು ದಪ್ಪ ಮಾಡಿ ಹೊಲಿಯುತ್ತೇನೆ. ನನ್ನ ಕೈಯಲ್ಲಾಗುವ ಕೆಲಸ ಅದು, ಇಷ್ಟು ಜತನದಿಂದ ನಾನು ಯಾವ ಶೂವನ್ನೂ ಹೊಲಿದಿಲ್ಲ.

ಆಸ್ಪತ್ರೆಯಿಂದ ಹೊರಗೆ ಬಂದು ಫುಟ್‌ಪಾತಿಗೆ ಇಳಿದೆವು. ಗುಂಡ ಕೈ ಚಾಚಿ ಅಕ್ಕನ ಕೈ ಹಿಡಿದ. ಹಿಡಿದದ್ದೇ ತಡ, ಎಡಗಾಲು ಎಳೆಯಲು ಶುರು! ಕೈ ಬಿಡಿಸಿದೆ, ನೆಟ್ಟಗೆ ನಡೆದ. ಮತ್ತೆ ಹಿಡಿಸಿದೆ, ಕುಂಟಿದ. ಡಾಕ್ಟರನ್ನು ಕರೆಯಲು ತಿರುಗಿದೆ.

ಮೇಷ್ಟ್ರು ನನ್ನ ಅಂಗಿ ಹಿಡಿದು ಎಳೆದಳು. "ಬಿಡಪ್ಪ, ಕಾಲಿಗೇನೂ ಆಗಿಲ್ಲ. ನನ್ ಜೊತೆ ಬರ್ತಿದಾನೆ, ಅಷ್ಟೇ."

ಮನೆಯವರೆಗೂ ಇಬ್ಬರೂ ಹಾಗೇ ನಡೆದರು. ನಾನು ಹಿಂದಿನಿಂದ ನೋಡುತ್ತಾ ಬಂದೆ.

ನಿನ್ನವನು

ಅಕ್ಟೋಬರ್ 12

ಮೇಷ್ಟ್ರೇ,

ಈ ಸಲದ ಕಾಗದ ನಿನಗೆ. ಅಪ್ಪನಿಗೆ ಬೇಕಿದ್ದರೆ ಓದಿ ಹೇಳು.

ಡಿಸೆಂಬರ್ 14ರ ದೋಣಿಗೆ ನಾನು ಬರುತ್ತೇನೆ. ಅಪ್ಪ ಬರೆದದ್ದನ್ನು ಅಡುಗೆಯಮ್ಮನಿಗೆ ಎರಡು ಸಲ ಓದಿ ಹೇಳಿದೆ. ಆಮೇಲೆ ಅವರು ಕಣ್ಣೊರೆಸಿಕೊಂಡು, "ಆ ಹುಡುಗೀನ ಒಂದ್ಸಲ ನೋಡ್ಬೇಕು ಕಣಮ್ಮ" ಅಂದರು.

ನಿನ್ನ ಹತ್ತಿರ ಒಂದು ಕೆಲಸ ಕೇಳಬೇಕು, ದೊಡ್ಡವರಿಂದ ಆಗದ ಕೆಲಸ. ಗುಂಡನಿಗೆ ಅಮ್ಮ ಅಂದರೆ ಲಕೋಟೆ, ಇಲ್ಲದಿದ್ದರೆ ಮೀಸೆ. ನಾನು ಇಳಿದು ಓಡಿಬಂದು ಎತ್ತಿಕೊಂಡರೆ ಹೆದರಿ ಅಳುತ್ತಾನೆ. ಅದಕ್ಕೇ ನಾನು ಓಡಿಬರುವುದಿಲ್ಲ, ದಡದಲ್ಲೇ ನಿಂತಿರುತ್ತೇನೆ. ನೀನು ಅವನ ಕೈ ಹಿಡಿದು ನಿಧಾನವಾಗಿ ನನ್ನ ಹತ್ತಿರ ಬಾ. ಇಬ್ಬರೂ ಕುಂಟುತ್ತಲೇ ಬನ್ನಿ. ಬಂದು, ಅವನಿಗೆ ಏನೂ ಹೇಳಬೇಡ, ನಿನ್ನ ಇನ್ನೊಂದು ಕೈಯಿಂದ ನನ್ನ ಕೈ ಹಿಡಿದುಕೋ.

ನೀನು ಹಿಡಿದದ್ದನ್ನು ಅವನೂ ಹಿಡಿಯುತ್ತಾನೆ.

ಅಮ್ಮ